ಗಡಿ ದಾಟುವ ದಾರಿಯ ಲೆಕ್ಕ

1940ರ ಸುಮಾರಿನಲ್ಲಿ ಸುರಪುರದ ಒಬ್ಬ ವ್ಯಾಪಾರಿ ತಾಳಿಕೋಟೆಗೆ ಹೊರಟನೆಂದು ಭಾವಿಸೋಣ. ದೂರ ಹೆಚ್ಚಿನದಲ್ಲ, ಎತ್ತಿನ ಗಾಡಿಗೂ ಅದು ಎರಡು ಮೂರು ದಿನಗಳ ದಾರಿಯೇ ಸರಿ. ಆದರೂ ಆತನು ನಡುವೆ ಒಂದು ಗಡಿಯನ್ನು ದಾಟಬೇಕಾಗಿತ್ತು. ಯಾದಗಿರಿ, ಶಹಾಪುರ, ಸುರಪುರಗಳು ಆಗ ನಿಜಾಮರ ಹೈದರಾಬಾದು ಸಂಸ್ಥಾನದ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ತಾಳಿಕೋಟೆಯು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಹೈದರಾಬಾದಿಗೆ ತನ್ನದೇ ಆದ ಅಂಚೆಯಿತ್ತು, ಕರೋಡಗಿರಿ ಎಂದು ಕರೆಯುತ್ತಿದ್ದ ಸುಂಕದ ಇಲಾಖೆಯಿತ್ತು, ಹಾಲಿ ಸಿಕ್ಕಾ ಎಂಬ ನಾಣ್ಯವೂ ಇತ್ತು. ಸುಮಾರು ಏಳು ಹಾಲಿ ಸಿಕ್ಕಾ ರೂಪಾಯಿಗಳಿಗೆ ಆರು ಇಂಗ್ಲಿಷ್ ರೂಪಾಯಿಗಳು ದೊರೆಯುತ್ತಿದ್ದವು. ಗಂಟಿನಲ್ಲಿ 84 ರೂಪಾಯಿ ಕಟ್ಟಿಕೊಂಡು ಹೊರಟವನು ಗಡಿಯಾಚೆ 72 ರೂಪಾಯಿಗಳ ಒಡೆಯನಾಗುತ್ತಿದ್ದನು! ಈ ಲೆಕ್ಕವನ್ನು ಮನೆಯಲ್ಲಿಯೇ ಮಾಡಿಕೊಳ್ಳದವನಿಗೆ ಸಂತೆಯಲ್ಲಿ ಸರಕು ಕೊಳ್ಳಲು ಹಣ ಸಾಲದೆ ಹೋಗುತ್ತಿತ್ತು.

1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಈ ಮೂರು ಊರುಗಳೂ ತಾಳಿಕೋಟೆಯೂ ಒಂದೇ ರಾಜ್ಯದ ಪಾಲಾದವು. 1959ರಲ್ಲಿ ಹಾಲಿ ಸಿಕ್ಕಾ ನಾಣ್ಯದ ಚಲಾವಣೆಯೂ ಮುಗಿಯಿತು. ದಾರಿ ಇದ್ದಲ್ಲಿಯೇ ಇತ್ತು, ಗಡಿ ಮಾತ್ರ ಅಳಿಯಿತು.

ಇಂತಹುದೇ ಬದಲಾವಣೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಪಶ್ಚಿಮ ಯೂರೋಪಿನಲ್ಲಿ ನಡೆದಿದೆ. ಅಲ್ಲಿ ಇಂದು ಒಬ್ಬ ಪ್ರವಾಸಿಯು ಒಂದೇ ವಾರದಲ್ಲಿ ಐದು ದೇಶಗಳನ್ನು ಕಾರಿನಲ್ಲಿ ಸುತ್ತಿ ಬರಬಹುದು. ವಿದ್ಯಾಭ್ಯಾಸಕ್ಕಾಗಿಯೋ ಉದ್ಯೋಗಕ್ಕಾಗಿಯೋ ನಮ್ಮ ಭಾಗದ ತರುಣರು ಆ ದೇಶಗಳಿಗೆ ಹೋಗುವ ಕಾಲವಿದು. ಅಂತಹವರು ರಜೆಯಲ್ಲಿ ಬಾಡಿಗೆಯ ಕಾರು ಹಿಡಿದು ದೂರದ ಪಯಣಕ್ಕೆ ಹೊರಡುವುದೂ ಉಂಟು. ಆ ಪಯಣ ಸುಖವಾಗಿ ಮುಗಿಯುವುದು ಬಹುಪಾಲು ಹೊರಡುವ ಮೊದಲು ಮಾಡಿದ ಲೆಕ್ಕವನ್ನು ಅವಲಂಬಿಸಿದೆ. ಆ ಲೆಕ್ಕಕ್ಕೆ ಬೇಕಾದ ವಿಜ್ಞಾನವೆಲ್ಲವೂ ಪ್ರೌಢಶಾಲೆಯ, ಹೆಚ್ಚೆಂದರೆ ಕಾಲೇಜಿನ ಮೊದಲ ವರ್ಷದ ಪುಸ್ತಕದಲ್ಲಿದೆ. ಅದನ್ನು ನಮ್ಮ ಊರಿನ ದಾರಿಗಳಲ್ಲಿಯೇ ಕಲಿತು, ಅನಂತರ ಯೂರೋಪಿನ ನಕಾಶೆಯ ಮೇಲೆ ಪ್ರಯೋಗಿಸಿ ನೋಡೋಣ.

ನಕಾಶೆ ಹೇಳುವ ದೂರ

ಮೊದಲು ದೂರವನ್ನು ಅಳೆಯಬೇಕು. ಯಾದಗಿರಿಯಿಂದ ಸುರಪುರಕ್ಕೆ ನಕಾಶೆಯ ಮೇಲೆ ನೂಲು ಹಿಡಿದು ಎಳೆದರೆ ಸುಮಾರು 49 ಕಿಲೋಮೀಟರು ಬರುತ್ತದೆ. ಶಹಾಪುರದ ಮೇಲೆ ಹಾದುಹೋಗುವ ರಸ್ತೆಯಾದರೋ ಸುಮಾರು 60 ಕಿಲೋಮೀಟರು. ರಸ್ತೆಯ ದೂರವನ್ನು ನೇರ ದೂರದಿಂದ ಭಾಗಿಸಿದರೆ 1.2 ದೊರೆಯುತ್ತದೆ. ಇದನ್ನು ನಾವು ಬಳಸುದಾರಿಯ ಗುಣಕ ಎಂದು ಕರೆಯಬಹುದು. ಬಯಲುಸೀಮೆಯಲ್ಲಿ ಈ ಗುಣಕ ಚಿಕ್ಕದು. ನದಿ, ಬೆಟ್ಟ, ಕಣಿವೆಗಳು ಅಡ್ಡ ಬಂದಷ್ಟೂ ಅದು ಬೆಳೆಯುತ್ತದೆ. ಕೃಷ್ಣೆಯ ಎರಡು ದಡಗಳ ಮೇಲೆ ಎದುರುಬದುರಾಗಿರುವ ಹಳ್ಳಿಗಳ ನಡುವೆ ನೇರ ದೂರ ಎರಡೇ ಕಿಲೋಮೀಟರು ಇದ್ದರೂ, ಸೇತುವೆಯನ್ನು ಹುಡುಕಿಕೊಂಡು ಹೋದರೆ ಇಪ್ಪತ್ತು ಮೂವತ್ತು ಕಿಲೋಮೀಟರು ಆಗಬಹುದು.

ನಕಾಶೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗೋಡೆಗೆ ತೂಗುಹಾಕುವ ಹಲವು ಲೋಕನಕಾಶೆಗಳು ಮರ್ಕೇಟರನ ಕ್ರಮದಲ್ಲಿ ಬರೆದವು. ಭೂಮಧ್ಯರೇಖೆಯಿಂದ ದೂರ ಸರಿದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಸುರಪುರದ ಅಕ್ಷಾಂಶದಲ್ಲಿ, ಎಂದರೆ ಸುಮಾರು 16.5 ಅಂಶದಲ್ಲಿ, ಒಂದು ರೇಖಾಂಶದ ಅಗಲ 107 ಕಿಲೋಮೀಟರು. ಪ್ಯಾರಿಸಿನಲ್ಲಿ, ಸುಮಾರು 49 ಅಂಶದ ಬಳಿ, ಅದು 73 ಕಿಲೋಮೀಟರು ಮಾತ್ರ. ಮರ್ಕೇಟರನ ನಕಾಶೆಯಾದರೋ ಎರಡನ್ನೂ ಒಂದೇ ಅಗಲಕ್ಕೆ ಎಳೆದು ತೋರಿಸುತ್ತದೆ. ಅದರಿಂದಾಗಿ ಸುರಪುರದ ಬಳಿ 100 ಕಿಲೋಮೀಟರು ತೋರಿಸುವ ಅದೇ ಬೆರಳಗಲವು ಪ್ಯಾರಿಸಿನ ಬಳಿ 69 ಕಿಲೋಮೀಟರನ್ನಷ್ಟೇ ತೋರಿಸುತ್ತದೆ. ಯೂರೋಪು ನಾವು ಎಣಿಸುವುದಕ್ಕಿಂತ ಚಿಕ್ಕದು. ಒಂದೇ ಹಗಲಿನಲ್ಲಿ ಮೂರು ದೇಶ ಕಂಡೆನೆಂದು ಪ್ರವಾಸಿಗಳು ಹೇಳುವುದರ ಗುಟ್ಟು ಇಲ್ಲಿದೆ.

ಈಗ ಒಂದು ಪಯಣವನ್ನು ಗೊತ್ತುಮಾಡೋಣ. ಪ್ಯಾರಿಸಿನಿಂದ ಬ್ರಸೆಲ್ಸ್ ಸುಮಾರು 310 ಕಿಲೋಮೀಟರು. ಅಲ್ಲಿಂದ ಜರ್ಮನಿಯ ಕೋಲೋನ್ 210. ರೈನ್ ನದಿಯ ಕಣಿವೆಯನ್ನು ಹಿಡಿದು ಸ್ವಿಟ್ಜರ್ಲೆಂಡಿನ ಬಾಸೆಲ್ 490. ಆಲ್ಪ್ಸ್ ಪರ್ವತವನ್ನು ಗೊಟ್ಟಾರ್ಡ್ ಸುರಂಗದಲ್ಲಿ ದಾಟಿ ಇಟಲಿಯ ಮಿಲಾನ್ 340. ಮತ್ತೆ ಆಲ್ಪ್ಸ್ ದಾಟಿ ಫ್ರಾನ್ಸಿನ ಲಿಯೋನ್ 450. ಅಲ್ಲಿಂದ ಪ್ಯಾರಿಸಿಗೆ 465. ಒಟ್ಟು ಸುಮಾರು 2,265 ಕಿಲೋಮೀಟರು, ಐದು ದೇಶಗಳು, ಐದು ಗಡಿಗಳು.

ಸರಾಸರಿ ವೇಗದ ಮೋಸ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಯಾವ ವೇಗದಿಂದ ಭಾಗಿಸಬೇಕು ಎಂಬಲ್ಲಿಯೇ ತೊಡಕು. ಯಾದಗಿರಿಯಿಂದ ಸುರಪುರದ 60 ಕಿಲೋಮೀಟರಿನಲ್ಲಿ ಮೊದಲ 30ನ್ನು ಗಂಟೆಗೆ 60ರ ವೇಗದಲ್ಲಿಯೂ, ಉಳಿದ 30ನ್ನು ಗಂಟೆಗೆ 30ರ ವೇಗದಲ್ಲಿಯೂ ಹೋದರೆ ಸರಾಸರಿ ವೇಗವೆಷ್ಟು? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ 45 ಎಂಬ ಉತ್ತರ ಕೂಡಲೇ ಬರುತ್ತದೆ. ಲೆಕ್ಕ ಹಾಕಿ ನೋಡಿರಿ: ಮೊದಲರ್ಧಕ್ಕೆ ಅರ್ಧ ಗಂಟೆ, ಎರಡನೆಯ ಅರ್ಧಕ್ಕೆ ಒಂದು ಗಂಟೆ; ಒಂದೂವರೆ ಗಂಟೆಯಲ್ಲಿ 60 ಕಿಲೋಮೀಟರು. ಆದುದರಿಂದ ಸರಾಸರಿ ವೇಗ 40. ನಿಧಾನದ ದಾರಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ. ಆ ಕಾರಣದಿಂದ ಸರಾಸರಿಯು ಯಾವಾಗಲೂ ನಿಧಾನದ ಕಡೆಗೆ ವಾಲುತ್ತದೆ.

ಯೂರೋಪಿನ ಹೆದ್ದಾರಿಗಳಲ್ಲಿ ಗಂಟೆಗೆ 110 ಅಥವಾ 120ರ ವೇಗ ಸಾಧ್ಯವೆಂಬುದು ನಿಜ. ಆದರೆ ಊರುಗಳ ಸುತ್ತಿನ ದಟ್ಟಣೆ, ಸುಂಕದ ಕಟ್ಟೆ, ಪೆಟ್ರೋಲು ಹಾಕಿಸುವಿಕೆ, ಊಟ ಇವೆಲ್ಲವೂ ಸೇರಿದಾಗ 70ನ್ನು ಹಿಡಿಯುವುದು ಜಾಣತನ. 2,265ನ್ನು 70ರಿಂದ ಭಾಗಿಸಿದರೆ 32 ಗಂಟೆಗಳಿಗೆ ಮೇಲಾಯಿತು. ದಿನಕ್ಕೆ ಐದು ಗಂಟೆಯಂತೆ ಏಳು ದಿನಗಳ ಕೆಲಸ. ಅದೇ ಪಯಣವನ್ನು 110ರ ಲೆಕ್ಕದಲ್ಲಿ ಹಾಕಿದವನಿಗೆ 21 ಗಂಟೆ ಸಾಕೆಂದು ತೋರುತ್ತದೆ. ದಿನಕ್ಕೆ ಹತ್ತು ಗಂಟೆಯಂತೆ ಎರಡೇ ದಿನಗಳಲ್ಲಿ ಮುಗಿಸುವೆನೆಂದು ಆತನು ಹೊರಡುತ್ತಾನೆ. ದಾರಿಯಲ್ಲಿ ಗಂಟೆಗಳು ಸಾಲದೆ ಬಂದಾಗ ನಿದ್ರೆಯನ್ನು ಕಡಿಮೆ ಮಾಡಿ, ವೇಗವನ್ನು ಹೆಚ್ಚಿಸುತ್ತಾನೆ. ಎಷ್ಟೋ ಅಪಘಾತಗಳ ಬೀಜ ಇಂತಹ ಲೆಕ್ಕದ ಕಾಗದದ ಮೇಲೆಯೇ ಬಿದ್ದಿರುತ್ತದೆ.

ಚಾಲಕನ ಗಡಿಯಾರ

ಮನುಷ್ಯನ ಗಮನವೂ ಇಂಧನದಂತೆ ಮುಗಿಯುವ ವಸ್ತು. ಯೂರೋಪಿನ ಒಕ್ಕೂಟವು 2006ರಲ್ಲಿ ಮಾಡಿದ ನಿಯಮದಂತೆ ದೊಡ್ಡ ಲಾರಿ, ಬಸ್ಸುಗಳ ಚಾಲಕನು ನಾಲ್ಕೂವರೆ ಗಂಟೆ ನಡೆಸಿದೊಡನೆ 45 ನಿಮಿಷ ವಿರಮಿಸಬೇಕು. ಸಾಮಾನ್ಯವಾಗಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ನಡೆಸಬಾರದು. ನಮ್ಮ ದೇಶದಲ್ಲಿಯೂ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ಗಂಟೆಯ ಕೆಲಸವನ್ನೂ, 5 ಗಂಟೆಗಳ ಕೆಲಸದ ಬಳಿಕ ಅರ್ಧ ಗಂಟೆಯ ವಿರಾಮವನ್ನೂ ಗೊತ್ತುಮಾಡಿತ್ತು. ವೃತ್ತಿಯ ಚಾಲಕನಿಗೇ ಇಷ್ಟು ವಿಶ್ರಾಂತಿ ಬೇಕಾದರೆ, ಹೊಸ ದೇಶದಲ್ಲಿ ಹೊಸ ಕಾರನ್ನು ನಡೆಸುವವನಿಗೆ ಇನ್ನೂ ಹೆಚ್ಚು ಬೇಕಲ್ಲವೆ? ಗಂಟೆಗೆ 90 ಕಿಲೋಮೀಟರೆಂದರೆ ಸೆಕೆಂಡಿಗೆ 25 ಮೀಟರು. ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ ಕಾರು 75 ಮೀಟರು ದಾರಿಯನ್ನು ಚಾಲಕನಿಲ್ಲದೆಯೇ ಕ್ರಮಿಸಿರುತ್ತದೆ.

ಇಲ್ಲಿ ಇನ್ನೆರಡು ಗಡಿಯಾರಗಳನ್ನು ನೋಡಬೇಕು. ಪ್ಯಾರಿಸಿನ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಗೆಯಲ್ಲಿ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಬೇಸಗೆಯ ಸಂಜೆ ಆರಕ್ಕೆ ಅಲ್ಲಿ ವಿಮಾನವಿಳಿದು ಚುಕ್ಕಾಣಿ ಹಿಡಿದವನ ಶರೀರಕ್ಕೆ ಆಗಲೇ ರಾತ್ರಿ ಒಂಬತ್ತೂವರೆ ಕಳೆದಿದೆ. ಆದುದರಿಂದ ಇಳಿದ ದಿನವೇ ಕಾರು ನಡೆಸಬಾರದು. ಎರಡನೆಯದು ಸೂರ್ಯನ ಗಡಿಯಾರ. ಸುರಪುರದಲ್ಲಿ ಜೂನ್ 21ರ ಹಗಲು ಸುಮಾರು 13 ಗಂಟೆ 5 ನಿಮಿಷ, ಡಿಸೆಂಬರ್ 21ರ ಹಗಲು 11 ಗಂಟೆ 10 ನಿಮಿಷ. ವ್ಯತ್ಯಾಸ ಎರಡು ಗಂಟೆಯೊಳಗೆ. ಪ್ಯಾರಿಸಿನಲ್ಲಿ ಅವೇ ದಿನಗಳಲ್ಲಿ ಹಗಲು ಸುಮಾರು 16 ಗಂಟೆ 10 ನಿಮಿಷ ಮತ್ತು 8 ಗಂಟೆ 15 ನಿಮಿಷ. ಜೂನಿನಲ್ಲಿ ಬೆಳಕಿನಲ್ಲಿಯೇ ಮುಗಿಯುವ ದಾರಿಯ ಕೊನೆಯ ಪಾಲು ಡಿಸೆಂಬರಿನಲ್ಲಿ ಕತ್ತಲೆಯಲ್ಲಿ ಬೀಳುತ್ತದೆ. ಭೂಮಿಯ ಅಕ್ಷದ ಓರೆಯೂ ಹೀಗೆ ನಮ್ಮ ಪ್ರವಾಸದ ಪಟ್ಟಿಯೊಳಗೆ ಬಂದು ಸೇರುತ್ತದೆ.

ವೇಗಕ್ಕೆ ತೆರುವ ಬೆಲೆ

ವೇಗ ಹೆಚ್ಚಿದಂತೆ ಕಾಲ ಉಳಿಯುತ್ತದೆ, ಆದರೆ ಉಳಿತಾಯವು ಬರಬರುತ್ತ ಕಡಿಮೆಯಾಗುತ್ತದೆ. 100 ಕಿಲೋಮೀಟರು ದಾರಿಗೆ ಗಂಟೆಗೆ 80ರ ವೇಗದಲ್ಲಿ 75 ನಿಮಿಷ, 100ರ ವೇಗದಲ್ಲಿ 60 ನಿಮಿಷ, 120ರ ವೇಗದಲ್ಲಿ 50 ನಿಮಿಷ ಬೇಕು. ಮೊದಲ 20ರ ಹೆಚ್ಚಳಕ್ಕೆ 15 ನಿಮಿಷ ದೊರೆತರೆ, ಎರಡನೆಯ 20ಕ್ಕೆ ಹತ್ತೇ ನಿಮಿಷ.

ಬೆಲೆಯಾದರೋ ವೇಗದ ವರ್ಗದಂತೆ ಏರುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗುವ ಕಾರಿಗೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 1,400 ಕಿಲೋಗ್ರಾಂ ತೂಗುವ ಒಂದು ಸಾಧಾರಣ ಕಾರನ್ನು ತೆಗೆದುಕೊಳ್ಳೋಣ. ಟೈರುಗಳ ಉರುಳುವಿಕೆಯ ತಡೆ ಅದಕ್ಕೆ ಸುಮಾರು 165 ನ್ಯೂಟನ್. ಗಾಳಿಯ ತಡೆ ಗಂಟೆಗೆ 90ರ ವೇಗದಲ್ಲಿ ಸುಮಾರು 260, 120ರಲ್ಲಿ ಸುಮಾರು 465 ನ್ಯೂಟನ್. ಎರಡನ್ನೂ ಕೂಡಿದರೆ 425 ಮತ್ತು 630. ಒಂದು ಕಿಲೋಮೀಟರಿಗೆ ವ್ಯಯವಾಗುವ ಶಕ್ತಿ ಈ ಬಲಗಳಿಗೆ ಅನುಪಾತದಲ್ಲಿರುವುದರಿಂದ, 120ರ ವೇಗದಲ್ಲಿ ಇಂಧನ ಒಂದೂವರೆ ಪಟ್ಟು ಬೇಕಾಗುತ್ತದೆ. ಒಂದು ಲೀಟರು ಪೆಟ್ರೋಲಿನ ಉಷ್ಣಶಕ್ತಿ ಸುಮಾರು 32 ಮೆಗಾಜೂಲು. ಎಂಜಿನ್ ಅದರ ಕಾಲು ಭಾಗವನ್ನು ಚಕ್ರಕ್ಕೆ ಮುಟ್ಟಿಸುತ್ತದೆಂದರೆ 8 ಮೆಗಾಜೂಲು ಉಪಯೋಗಕ್ಕೆ ಬಂತು. ಅಲ್ಲಿಗೆ ಲೀಟರಿಗೆ 90ರ ವೇಗದಲ್ಲಿ 19 ಕಿಲೋಮೀಟರು, 120ರಲ್ಲಿ 13 ಕಿಲೋಮೀಟರಿಗೂ ಕಡಿಮೆ. ನಾವು ಗೊತ್ತುಮಾಡಿದ ಪಯಣಕ್ಕೆ ಒಂದೇ ಸಮನಾದ ವೇಗವನ್ನು ಹಿಡಿದರೆ ಸುಮಾರು 120 ಲೀಟರು ಮತ್ತು 178 ಲೀಟರು ಬೇಕು.

ಹಣಕ್ಕಿಂತ ದೊಡ್ಡ ಬೆಲೆ ನಿಲುಗಡೆಯಲ್ಲಿದೆ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡು ಹಿಡಿಯುತ್ತದೆನ್ನೋಣ. ಅನಂತರ ಒಣರಸ್ತೆಯಲ್ಲಿ ಕಾರಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 7 ಮೀಟರಿನಂತೆ ಇಳಿಯುತ್ತದೆನ್ನೋಣ. ಗಂಟೆಗೆ 60ರ ವೇಗದಲ್ಲಿದ್ದ ಕಾರು ನಿಲ್ಲುವಷ್ಟರಲ್ಲಿ 37 ಮೀಟರು ಸಾಗಿರುತ್ತದೆ. 90ರಲ್ಲಿದ್ದದ್ದು 70 ಮೀಟರು. 120ರಲ್ಲಿದ್ದದ್ದು 113 ಮೀಟರು. ವೇಗ ಇಮ್ಮಡಿಯಾದರೆ ನಿಲುಗಡೆಯ ದೂರ ಮುಮ್ಮಡಿಯಾಯಿತು!

ಫ್ರಾನ್ಸಿನ ಹೆದ್ದಾರಿಗಳಲ್ಲಿ ಒಣಹವೆಯಲ್ಲಿ ಗಂಟೆಗೆ 130, ಮಳೆಯಲ್ಲಿ 110 ಕಿಲೋಮೀಟರು ವೇಗದ ಮಿತಿ. ಈ ಅಂಕಿಗಳನ್ನು ಪರೀಕ್ಷಿಸಿ ನೋಡಿರಿ. 110ನ್ನು 130ರಿಂದ ಭಾಗಿಸಿ ವರ್ಗ ಮಾಡಿದರೆ 0.72 ಬರುತ್ತದೆ. ಎಂದರೆ ಒದ್ದೆಯಾದ ರಸ್ತೆಯ ಹಿಡಿತ ಒಣರಸ್ತೆಯ ಹಿಡಿತದ ನೂರಕ್ಕೆ 72ರಷ್ಟು ಉಳಿದಿದ್ದರೂ, ಬ್ರೇಕು ಹಿಡಿದ ಬಳಿಕ ಕಾರು ಸಾಗುವ ದೂರ ಎರಡು ಸಂದರ್ಭಗಳಲ್ಲಿಯೂ ಒಂದೇ, ಸುಮಾರು 93 ಮೀಟರು. ಹಿಡಿತ ಅದಕ್ಕೂ ಕೆಳಗಿಳಿದರೆ 110 ಕೂಡ ಹೆಚ್ಚೇ. ರಸ್ತೆಯ ಫಲಕ ತೋರಿಸುವುದು ಗರಿಷ್ಠ ವೇಗವನ್ನು. ಯೋಗ್ಯವಾದ ವೇಗವನ್ನು ರಸ್ತೆಯನ್ನು ನೋಡಿ ನಾವೇ ಗೊತ್ತುಮಾಡಬೇಕು. ಹತ್ತಿ, ಭತ್ತದ ಹೇರು ಹೊತ್ತ ಟ್ರ್ಯಾಕ್ಟರುಗಳು ದೀಪವಿಲ್ಲದೆ ಸಾಗುವ ನಮ್ಮ ಶಹಾಪುರದ ರಸ್ತೆಗೂ ಈ ಮಾತು ಅನ್ವಯಿಸುತ್ತದೆ.

ಟೈರು ಮತ್ತು ಬ್ರೇಕು

ಟೈರಿನೊಳಗಿನ ಗಾಳಿಗೆ ಅನಿಲಗಳ ನಿಯಮ ತಪ್ಪದು. ಬೆಳಗಿನ 25 ಡಿಗ್ರಿ ಉಷ್ಣತೆಯಲ್ಲಿ 32 ಪೌಂಡು ಒತ್ತಡ ತುಂಬಿದ ಟೈರು, ಬೇಸಗೆಯ ರಸ್ತೆಯ ಮೇಲೆ ಓಡಿ 60 ಡಿಗ್ರಿಗೆ ಏರಿತೆನ್ನೋಣ. ಅಳತೆಯ ಉಪಕರಣ ತೋರಿಸುವುದು ವಾಯುಮಂಡಲಕ್ಕಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ. ಆದುದರಿಂದ ವಾಯುಮಂಡಲದ 14.7ನ್ನು ಕೂಡಿಸಿ 46.7 ಎಂದು ಹಿಡಿಯಬೇಕು. ಉಷ್ಣತೆಯನ್ನೂ ನಿರಪೇಕ್ಷ ಮಾನದಲ್ಲಿ 298, 333 ಎಂದು ಬರೆಯಬೇಕು. ಗುಣಿಸಿ ಭಾಗಿಸಿದರೆ 52.2, ಅದರಲ್ಲಿ 14.7 ಕಳೆದರೆ ಉಪಕರಣವು 37.5 ತೋರಿಸುತ್ತದೆ. ಇದನ್ನು ಕಂಡು ಗಾಬರಿಯಿಂದ ಗಾಳಿಯನ್ನು ಬಿಟ್ಟವನ ಟೈರು ಮರುದಿನ ಬೆಳಿಗ್ಗೆ ಸೊರಗಿರುತ್ತದೆ. ಸೊರಗಿದ ಟೈರು ಹೆಚ್ಚು ಮಡಿಚಿಕೊಳ್ಳುತ್ತ ಇನ್ನೂ ಹೆಚ್ಚು ಕಾಯುತ್ತದೆ, ಕೊನೆಗೆ ಸಿಡಿಯಲೂಬಹುದು. ಒತ್ತಡವನ್ನು ಯಾವಾಗಲೂ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು.

ಬ್ರೇಕಿನ ಪರೀಕ್ಷೆ ಇಳಿಜಾರಿನಲ್ಲಿ. ಯಾದಗಿರಿಯ ಬಯಲಿನಲ್ಲಿ ಕಲಿತ ಚಾಲಕನಿಗೆ ಇದರ ಅನುಭವ ಕಡಿಮೆ; ಗೋವೆಗೆ ಹೋಗುವ ಘಾಟಿಯಲ್ಲಿ ಅದು ಮೊದಲು ಬರುತ್ತದೆ, ಆಲ್ಪ್ಸಿನಲ್ಲಿ ಪೂರ್ಣವಾಗಿ ಬರುತ್ತದೆ. ಗೊಟ್ಟಾರ್ಡ್ ಕಣಿವೆಯ ಮೇಲಿನ ಹಳೆಯ ರಸ್ತೆ ಸಮುದ್ರಮಟ್ಟದಿಂದ 2,106 ಮೀಟರು ಎತ್ತರಕ್ಕೆ ಏರುತ್ತದೆ. ಪ್ರಯಾಣಿಕರೂ ಸೇರಿ 1,500 ಕಿಲೋಗ್ರಾಂ ತೂಗುವ ಕಾರು 1,000 ಮೀಟರು ಕೆಳಗಿಳಿದರೆ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 14.7 ಮೆಗಾಜೂಲು. ಬ್ರೇಕಿನ ಕಬ್ಬಿಣದ ತಟ್ಟೆಗಳು ಒಟ್ಟು 30 ಕಿಲೋಗ್ರಾಂ ಇದ್ದು, ಈ ಶಕ್ತಿಯೆಲ್ಲ ಅವುಗಳಲ್ಲಿಯೇ ಉಳಿಯಿತೆಂದರೆ ಉಷ್ಣತೆಯು 1,000 ಡಿಗ್ರಿಗೂ ಹೆಚ್ಚು ಏರಬೇಕು! ಗಾಳಿಯು ಬಹಳಷ್ಟು ಉಷ್ಣವನ್ನು ಒಯ್ಯುತ್ತದೆಯಾದರೂ, ಕಾಲನ್ನು ಬ್ರೇಕಿನ ಮೇಲೆಯೇ ಒತ್ತಿ ಇಟ್ಟವನಿಗೆ ಇಳಿಜಾರಿನ ಕೊನೆಯಲ್ಲಿ ಬ್ರೇಕು ಹಿಡಿಯದೆ ಹೋಗುವುದು ಈ ಕಾರಣದಿಂದ. ಕೆಳಗಿನ ಗೇರಿನಲ್ಲಿ ಇಳಿದರೆ ಆ ಶಕ್ತಿಯ ದೊಡ್ಡ ಪಾಲನ್ನು ಎಂಜಿನ್ನೇ ತಡೆದುಕೊಳ್ಳುತ್ತದೆ. ಘಾಟಿಯನ್ನು ಏರಿದ ಗೇರಿನಲ್ಲಿಯೇ ಇಳಿಯಬೇಕೆಂದು ಲಾರಿಯ ಚಾಲಕರು ಹೇಳುವ ಮಾತು ಶಕ್ತಿ ನಿತ್ಯತೆಯ ನಿಯಮಕ್ಕೆ ಒಪ್ಪುವಂತಹುದು.

ಗಡಿಗಳು ಹಲವು ಬಗೆ

ಯೂರೋಪಿನಲ್ಲಿ ಗಡಿಯೆಂದರೆ ಒಂದೇ ಗೆರೆಯಲ್ಲ. ಒಂದರ ಮೇಲೊಂದು ಹಾಸಿದ ಹಲವು ನಕಾಶೆಗಳು. ಮೊದಲನೆಯದು ಪ್ರವೇಶದ ನಕಾಶೆ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ ಐದು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. 1995ರಲ್ಲಿ ಅದು ಜಾರಿಗೆ ಬಂತು. 2025ರ ಜನವರಿಯಲ್ಲಿ ಬಲ್ಗೇರಿಯ, ರುಮೇನಿಯಗಳು ಪೂರ್ಣವಾಗಿ ಸೇರಿದ ಬಳಿಕ ಈ ವಲಯದಲ್ಲಿ 29 ದೇಶಗಳಿವೆ. ಅವುಗಳೊಳಗೆ ಸಾಮಾನ್ಯವಾಗಿ ಗಡಿಯ ತಪಾಸಣೆ ಇಲ್ಲ. ಎರಡನೆಯದು ನಾಣ್ಯದ ನಕಾಶೆ. ಯೂರೋ ನೋಟುಗಳು 2002ರ ಜನವರಿ 1ರಿಂದ ಕೈಗೆ ಬಂದವು. ಸ್ವಿಟ್ಜರ್ಲೆಂಡ್ ಮೊದಲ ನಕಾಶೆಯಲ್ಲಿ ಒಳಗಿದೆ, ಎರಡನೆಯದರಲ್ಲಿ ಹೊರಗಿದೆ. ಅಲ್ಲಿ ಫ್ರಾಂಕ್ ಬೇಕು. ಬ್ರಿಟನ್ ಎರಡರಲ್ಲಿಯೂ ಹೊರಗಿದೆ. ಅಲ್ಲಿಗೆ ಬೇರೆ ವೀಸಾ ಬೇಕು.

ಮೂರನೆಯದು ಎಡ ಬಲಗಳ ನಕಾಶೆ. ನಾವು ರಸ್ತೆಯ ಎಡಕ್ಕೆ ನಡೆಸುವವರು. ಬ್ರಿಟನ್, ಐರ್ಲೆಂಡುಗಳೂ ಹಾಗೆಯೇ. ಫ್ರಾನ್ಸು, ಜರ್ಮನಿ, ಇಟಲಿಗಳಲ್ಲಿ ಬಲಕ್ಕೆ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶವನ್ನು ಎಡದಿಂದ ಬಲಕ್ಕೆ ಬದಲಿಸಿತು. ನಮ್ಮ ವೃತ್ತಗಳನ್ನು ಗಡಿಯಾರದ ಮುಳ್ಳಿನಂತೆ ಸುತ್ತುತ್ತೇವೆ, ಅಲ್ಲಿ ಅದಕ್ಕೆ ವಿರುದ್ಧವಾಗಿ ಸುತ್ತಬೇಕು. ರಸ್ತೆಗಳ ಸಂಖ್ಯೆಯಲ್ಲಿಯೂ ಇಂತಹುದೇ ತಿರುವುಮುರುವು ಉಂಟು. ನಮ್ಮ ಈಗಿನ ಪದ್ಧತಿಯಲ್ಲಿ ದಕ್ಷಿಣೋತ್ತರವಾದ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವಪಶ್ಚಿಮದವುಗಳಿಗೆ ಬೆಸಸಂಖ್ಯೆ. ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮೇಲೆ ದಕ್ಷಿಣಕ್ಕೆ ಚಾಮರಾಜನಗರದವರೆಗೆ ಸಾಗುವ ಹೆದ್ದಾರಿ 150-ಎ. ಯೂರೋಪಿನಲ್ಲಿ ದಕ್ಷಿಣೋತ್ತರಕ್ಕೆ ಬೆಸಸಂಖ್ಯೆ. ಆಮ್‌ಸ್ಟರ್‌ಡಾಮಿನಿಂದ ಕೋಲೋನ್, ಬಾಸೆಲ್, ಮಿಲಾನ್‌ಗಳ ಮೇಲೆ ರೋಮಿಗೆ ಇಳಿಯುವ ದಾರಿ ಇ-35. ದಾರಿ ತಪ್ಪಿದಾಗ ಈ ಒಂದು ತಿಳಿವಳಿಕೆ ದಿಕ್ಸೂಚಿಯ ಕೆಲಸ ಮಾಡುತ್ತದೆ. ರಸ್ತೆಯ ಸುಂಕವೂ ದೇಶದಿಂದ ದೇಶಕ್ಕೆ ಬೇರೆ: ಫ್ರಾನ್ಸು, ಇಟಲಿಗಳ ಹೆದ್ದಾರಿಗಳಲ್ಲಿ ದೂರಕ್ಕೆ ತಕ್ಕಂತೆ, ಸ್ವಿಟ್ಜರ್ಲೆಂಡಿನಲ್ಲಿ ವರ್ಷಕ್ಕೊಂದು ಚೀಟಿ, ಜರ್ಮನಿಯಲ್ಲಿ ಕಾರುಗಳಿಗೆ ಸುಂಕವಿಲ್ಲ. ನಮ್ಮ ಚಾಲನಾ ಪತ್ರದೊಡನೆ ಒಂದು ವರ್ಷ ಸಲ್ಲುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಪಡೆದು ಒಯ್ಯಬೇಕು.

ದಿನಗಳ ಲೆಕ್ಕವೂ ಒಂದು ಗಡಿಯೇ. ಅಲ್ಪಕಾಲದ ಪ್ರವಾಸಿಯು ಶೆಂಗೆನ್ ವಲಯದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಇರಕೂಡದು. ವೀಸಾದಲ್ಲಿ ಬರೆದ ಅವಧಿ ಇದಕ್ಕೂ ಕಡಿಮೆಯಿದ್ದರೆ ಅದನ್ನೇ ಪಾಲಿಸಬೇಕು. ಈ 180 ದಿನಗಳು ಪಂಚಾಂಗದಲ್ಲಿ ಗೊತ್ತಾದ ಅರ್ಧವರ್ಷವಲ್ಲ. ಪ್ರತಿದಿನವೂ ಮುಂದಕ್ಕೆ ಸರಿಯುವ ಕಿಟಕಿ. ಉದಾಹರಣೆಗೆ, ಒಬ್ಬನು ಏಪ್ರಿಲ್ 1ರಿಂದ ಮೇ 30ರವರೆಗೆ 60 ದಿನ ಅಲ್ಲಿದ್ದು ಊರಿಗೆ ಮರಳಿ, ಆಗಸ್ಟ್ 1ರಂದು ಮತ್ತೆ ಪ್ರವೇಶಿಸಿದನೆನ್ನೋಣ. ಆಗಸ್ಟ್ 30ರಂದು ಅವನ 90 ದಿನಗಳು ತುಂಬುತ್ತವೆ. ಆಗಸ್ಟ್ 31ರಂದು ಹಿಂದಕ್ಕೆ ಎಣಿಸಿದರೆ ಕಿಟಕಿಯು ಮಾರ್ಚ್ 5ಕ್ಕೆ ತೆರೆಯುತ್ತದೆ, ಹಳೆಯ 60 ದಿನಗಳೂ ಅದರೊಳಗೇ ಇವೆ, ಮೊತ್ತ 91. ಎರಡು ತಿಂಗಳು ಊರಿನಲ್ಲಿದ್ದು ಬಂದರೂ ಹಳೆಯ ಲೆಕ್ಕ ಅಳಿದಿರಲಿಲ್ಲ. ಈ ಒಂದು ದಿನದ ತಪ್ಪಿಗೆ ಮುಂದಿನ ವೀಸಾ ಕೈತಪ್ಪಬಹುದು.

ದಾರಿ ಮುಚ್ಚಿದರೆ?

ಒಳ್ಳೆಯ ಯೋಜನೆಯು ಎಲ್ಲವೂ ಸರಿಯಾಗಿ ನಡೆಯುತ್ತದೆಂದು ನಂಬುವುದಿಲ್ಲ. ನಮ್ಮ ಜಿಲ್ಲೆಯನ್ನೇ ನೋಡಿರಿ. 2009ರ ಕೊನೆಯಲ್ಲಿ ರೂಪುಗೊಂಡ ಯಾದಗಿರಿ ಜಿಲ್ಲೆಯಲ್ಲಿ ಭೀಮಾ ನದಿ ಯಾದಗಿರಿಯ ಪಕ್ಕದಲ್ಲಿಯೇ ಹರಿದರೆ, ಕೃಷ್ಣೆಯು ಶಹಾಪುರ, ಸುರಪುರಗಳ ದಕ್ಷಿಣಕ್ಕೆ ಹರಿಯುತ್ತದೆ. ದಕ್ಷಿಣಕ್ಕೆ ಹೋಗಬೇಕಾದರೆ ಕೃಷ್ಣೆಯ ಮೇಲಿನ ಕೆಲವೇ ಸೇತುವೆಗಳೇ ಗತಿ. 2019ರ ಆಗಸ್ಟಿನ ಪ್ರವಾಹದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಬಿಟ್ಟ ನೀರು ದೇವದುರ್ಗದ ಕಡೆಗೆ ಹೋಗುವ ಹೂವಿನಹೆಡಗಿ ಸೇತುವೆಯನ್ನು ಮುಳುಗಿಸಿತು. ಅತ್ತ ಹೋಗುವವರು ತಿಂಥಣಿಯ ಸೇತುವೆಯನ್ನೋ ಬೇರೆ ದಾರಿಯನ್ನೋ ಹುಡುಕಬೇಕಾಯಿತು. ಸೇತುವೆಯ ಮೇಲೆ ಮೊಳಕಾಲುದ್ದ ನೀರು ಹರಿಯುತ್ತಿದ್ದರೂ ಗಾಡಿಯನ್ನು ಇಳಿಸಬಾರದು. ನೀರಿನ ನೂಕುಬಲವೂ ಅದರ ವೇಗದ ವರ್ಗದಂತೆ ಏರುತ್ತದೆ. ಜೊತೆಗೆ ಮುಳುಗಿದ ಭಾಗವನ್ನು ನೀರು ಮೇಲಕ್ಕೆತ್ತುವುದರಿಂದ ಟೈರಿನ ಹಿಡಿತ ತಗ್ಗುತ್ತದೆ. ಗಾಡಿ ಕೊಚ್ಚಿಹೋಗಲು ಅದು ಪೂರ್ತಿ ತೇಲಬೇಕಾಗಿಲ್ಲ.

ಆಲ್ಪ್ಸಿನಲ್ಲಿ ಸೇತುವೆಯ ಸ್ಥಾನವನ್ನು ಸುರಂಗಗಳು ಪಡೆದಿವೆ. 1965ರಲ್ಲಿ ತೆರೆದ, 11.6 ಕಿಲೋಮೀಟರು ಉದ್ದದ ಮೋಂಬ್ಲಾಂ ಸುರಂಗದಲ್ಲಿ 1999ರ ಮಾರ್ಚ್ 24ರಂದು ಒಂದು ಲಾರಿಗೆ ಬೆಂಕಿ ಹತ್ತಿ 39 ಜನ ಮಡಿದರು. ಸುರಂಗವು 2002ರವರೆಗೆ ಮುಚ್ಚಿತ್ತು. 2001ರ ಅಕ್ಟೋಬರ್ 24ರಂದು, 16.9 ಕಿಲೋಮೀಟರು ಉದ್ದದ ಗೊಟ್ಟಾರ್ಡ್ ಸುರಂಗದಲ್ಲಿ ಎರಡು ಲಾರಿಗಳು ಡಿಕ್ಕಿ ಹೊಡೆದು ಎದ್ದ ಬೆಂಕಿಗೆ 11 ಜನ ಬಲಿಯಾದರು. ಅದು ಸುಮಾರು ಎರಡು ತಿಂಗಳು ಮುಚ್ಚಿತ್ತು. ಆ ಎರಡು ತಿಂಗಳು ಆಲ್ಪ್ಸ್ ದಾಟುವ ಎರಡು ಮುಖ್ಯ ಬಾಗಿಲುಗಳು ಒಟ್ಟಿಗೆ ಮುಚ್ಚಿದ್ದವು! ವಾಹನಗಳು ಫ್ರೆಜುಸ್, ಸ್ಯಾನ್ ಬರ್ನಾರ್ಡಿನೊ ಮೊದಲಾದ ದಾರಿಗಳಿಗೆ ತಿರುಗಿದವು. ಮೇಲಿನ ಕಣಿವೆದಾರಿಗಳು ಇವೆಯಲ್ಲ ಎಂದರೆ, ಅವು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತವೆ. ಆದುದರಿಂದ ದಾರಿಯ ಯಾವ ಒಂದು ಬಿಂದು ಮುಚ್ಚಿದರೆ ಇಡೀ ಪಯಣ ನಿಲ್ಲುವುದೋ ಅದನ್ನು ನಕಾಶೆಯ ಮೇಲೆ ಕೆಂಪು ಮಸಿಯಿಂದ ಗುರುತು ಮಾಡಬೇಕು. ಅಂತಹ ಪ್ರತಿಯೊಂದು ಬಿಂದುವಿಗೂ ಬದಲಿ ದಾರಿಯನ್ನೂ, ಅದಕ್ಕೆ ಬೇಕಾದ ಹೆಚ್ಚಿನ ಗಂಟೆಗಳನ್ನೂ ಪಕ್ಕದಲ್ಲಿ ಬರೆಯಬೇಕು. ಏಳು ದಿನಗಳ ಪಯಣಕ್ಕೆ ಒಂದು ದಿನವನ್ನು ಏನೂ ಗೊತ್ತುಮಾಡದೆ ಬಿಡಬೇಕು. ವಿಮಾನದ ಟಿಕೆಟ್ಟು ಎಂಟನೆಯ ದಿನಕ್ಕೆ ಇರುವವನು ಏಳನೆಯ ರಾತ್ರಿ ನಿದ್ರೆಗೆಟ್ಟು ಓಡಬೇಕಾಗುವುದಿಲ್ಲ.

ಓದುಗರಿಗೊಂದು ಅಭ್ಯಾಸ

ಯೂರೋಪಿಗೆ ಹೋಗುವವರು ಕೆಲವರು. ಲೆಕ್ಕ ಮಾತ್ರ ಎಲ್ಲರಿಗೂ ಬೇಕು. ವಿದ್ಯಾರ್ಥಿಗಳು ಯಾದಗಿರಿಯಿಂದ ಶಹಾಪುರ, ಸುರಪುರ, ಬಾಗಲಕೋಟೆ, ಬೆಳಗಾವಿಗಳ ಮೇಲೆ ಗೋವೆಯ ಪಣಜಿಗೆ ಒಂದು ಪಯಣವನ್ನು ಕಾಗದದ ಮೇಲೆ ಯೋಜಿಸಲಿ. ನೂಲಿನಿಂದ ನೇರ ದೂರ, ನಕಾಶೆಯಿಂದ ರಸ್ತೆಯ ದೂರ ಅಳೆದು ಪ್ರತಿ ಹಂತದ ಗುಣಕವನ್ನು ಕಂಡುಹಿಡಿಯಲಿ. ಘಾಟಿಯಲ್ಲಿ ಅದು ಎಷ್ಟು ಬೆಳೆಯುತ್ತದೆಂದು ನೋಡಲಿ. ಬಯಲಿನ ವೇಗ, ಊರೊಳಗಿನ ವೇಗ, ಘಾಟಿಯ ವೇಗಗಳನ್ನು ಬೇರೆಬೇರೆಯಾಗಿ ಹಿಡಿದು ಕಾಲವನ್ನು ಕೂಡಿಸಲಿ. ವಿರಾಮದ ಊರುಗಳು, ಕತ್ತಲಾಗುವ ಹೊತ್ತು, ನದಿಯ ಸೇತುವೆಗಳು, ಬದಲಿ ದಾರಿಗಳು ಪಟ್ಟಿಯಲ್ಲಿ ಬರಲಿ. ಮುಂದೆ ಮನೆಯವರೊಡನೆ ಆ ದಾರಿಯಲ್ಲಿ ಹೋಗುವ ಸಂದರ್ಭ ಬಂದಾಗ, ಪ್ರತಿ ಊರನ್ನು ಮುಟ್ಟಿದ ವೇಳೆಯನ್ನು ಪಟ್ಟಿಯ ಪಕ್ಕದಲ್ಲಿ ಬರೆದುಕೊಳ್ಳಲಿ. ಎರಡು ಅಂಕಣಗಳ ನಡುವೆ ಕಾಣುವ ವ್ಯತ್ಯಾಸವು ಮುಂದಿನ ಪಯಣದ ಲೆಕ್ಕವನ್ನು ತಿದ್ದುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದೇ ಕ್ರಮದ ಕೆಲಸ.